ಮೊದಲು ಕಾಲು ನೋಡಿ: ಗಾರ್ಡನ್ ಲಿಯು ಚಿತ್ರಗಳಿಗೆ ಒಂದು ಪ್ರವೇಶ

ಕುಂಗ್‌ಫು ಸಿನಿಮಾ ಎಂದಕೂಡಲೇ ನಮ್ಮಲ್ಲಿ ಬಹುಪಾಲು ಜನ ಬ್ರೂಸ್ ಲೀಯನ್ನೋ ಜಾಕಿ ಚಾನ್‌ನನ್ನೋ ನೆನೆಯುತ್ತಾರೆ. ಈ ಪ್ರಕಾರದ ರುಚಿ ಹತ್ತಬೇಕೆಂದಿರುವವರಿಗೆ ನಾನು ಮೊದಲು ಹೇಳುವ ಹೆಸರು ಗಾರ್ಡನ್ ಲಿಯು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸ್ಟುಡಿಯೊದಲ್ಲಿ ಬೋಳುತಲೆಯ ಭಿಕ್ಷುವಾಗಿ ಹೆಸರಾದ ನಟ. ಹೊಡೆದಾಟವನ್ನು ನೋಡಲು ಕಲಿಸುವ ಶಕ್ತಿ ಈತನ ಚಿತ್ರಗಳಿಗೆ ಇರುವಷ್ಟು ಬೇರಾರ ಚಿತ್ರಗಳಿಗೂ ಇಲ್ಲವೆಂದೇ ನನ್ನ ನಂಬಿಕೆ.

ಇದಕ್ಕೆ ಕಾರಣ ಆತನ ಗುರುಪರಂಪರೆ. ದಕ್ಷಿಣ ಚೀನಾದ ಹುಂಗ್ ಗಾರ್ ಶೈಲಿಯ ಮಹಾಗುರು ವಾಂಗ್ ಫೇಹುಂಗ್. ಅವರ ಶಿಷ್ಯ ಲಾಮ್ ಸಾಯ್‌ವಿಂಗ್, ಅವರ ಶಿಷ್ಯ ಲಾವ್ ಚಾಮ್. ಈ ಲಾವ್ ಚಾಮ್ ಅವರ ಬಳಿ ಬಾಲ್ಯದಲ್ಲೇ ಅಭ್ಯಾಸಕ್ಕೆ ಸೇರಿದ ಹುಡುಗ ಗುರುವಿನ ಮನೆತನದ ಹೆಸರನ್ನೇ ತನ್ನದಾಗಿಸಿಕೊಂಡ. ಲಿಯು ಎನ್ನುವುದು ಲಾವ್ ಎಂಬುದರ ಮ್ಯಾಂಡರಿನ್ ಉಚ್ಚಾರ. ಗುರುವಿನ ಮಗ ಲಾವ್ ಕಾರ್‌ಲೆಯುಂಗ್ ಮುಂದೆ ನಿರ್ದೇಶಕರಾದಾಗ 1976ರ ‘ಚಾಲೆಂಜ್ ಆಫ್ ದಿ ಮಾಸ್ಟರ್ಸ್’ನಲ್ಲಿ ಇದೇ ಹುಡುಗನಿಗೆ ತರುಣ ವಾಂಗ್ ಫೇಹುಂಗ್‌ನ ಪಾತ್ರ ಕೊಟ್ಟರು. ತನ್ನ ವಿದ್ಯೆಯ ಮೂಲಪುರುಷನನ್ನೇ ಅಭಿನಯಿಸುವ ಭಾಗ್ಯ ಎಷ್ಟು ನಟರಿಗೆ ಸಿಕ್ಕೀತು!

ಹೊಸಬರ ಕಣ್ಣು ಸಹಜವಾಗಿ ಮುಷ್ಟಿಯ ಹಿಂದೆ ಓಡುತ್ತದೆ. ಅದನ್ನು ಕೆಳಗೆ, ಕಾಲಿನತ್ತ ತನ್ನಿ. ಹುಂಗ್ ಗಾರ್‌ನ ಬಲವೆಲ್ಲ ನಿಲುವಿನಲ್ಲಿದೆ: ಕುದುರೆಯೇರಿದವನಂತೆ ಕಾಲಗಲಿಸಿ, ಮಂಡಿ ಬಾಗಿಸಿ, ಸೊಂಟ ತಗ್ಗಿಸಿ ನಿಲ್ಲುವುದು. ಲಿಯು ಆ ಭಂಗಿಯಿಂದ ಇನ್ನೊಂದಕ್ಕೆ ಜಾರುವಾಗ ತಲೆಯ ಎತ್ತರ ಅಷ್ಟಾಗಿ ಏರುಪೇರಾಗುವುದಿಲ್ಲ. ಹೊಡೆತ ಹುಟ್ಟುವುದು ಹಿಮ್ಮಡಿಯಲ್ಲಿ. ಸೊಂಟ ತಿರುಗಿದ ಮೇಲಷ್ಟೇ ಕೈ ಹೊರಡುತ್ತದೆ. ಒಮ್ಮೆ ಇದು ಕಂಡಿತೆಂದರೆ, ತುಣುಕು ತುಣುಕಾಗಿ ಕತ್ತರಿಸಿ ಜೋಡಿಸಿದ ಇಂದಿನ ಹೊಡೆದಾಟಗಳು ಸಪ್ಪೆಯೆನಿಸತೊಡಗುತ್ತವೆ. ಲಾವ್ ಕಾರ್‌ಲೆಯುಂಗ್ ಕ್ಯಾಮೆರಾವನ್ನು ದೂರವಿಟ್ಟು, ಅಡಿಯಿಂದ ಮುಡಿಯವರೆಗೆ ಇಡೀ ದೇಹವನ್ನು ತೋರಿಸಿ, ಹತ್ತಾರು ಪಟ್ಟುಗಳನ್ನು ಒಂದೇ ಓಟದಲ್ಲಿ ಚಿತ್ರಿಸುತ್ತಾರೆ. ಹಾಗಾಗಿ ಈ ಸಿನಿಮಾಗಳನ್ನು ಅಗಲ ಪರದೆಯ ಪೂರ್ಣ ಅಳತೆಯಲ್ಲೇ ನೋಡಬೇಕು. ಅಂಚು ಕತ್ತರಿಸಿದ ಹಳೆಯ ಪ್ರತಿಗಳಲ್ಲಿ ಎದುರಾಳಿಯೇ ಅರ್ಧ ಮಾಯ.

ಇನ್ನು 1978ರ ‘ದಿ ಥರ್ಟಿಸಿಕ್ಸ್ತ್ ಚೇಂಬರ್ ಆಫ್ ಶಾವೊಲಿನ್’. ಆರಂಭ ಮಾಡುವುದಿದ್ದರೆ ಇಲ್ಲಿಂದಲೇ. ಮಂಚೂ ಆಳ್ವಿಕೆಯ ದಬ್ಬಾಳಿಕೆಗೆ ಸಿಕ್ಕ ಯುವಕನೊಬ್ಬ ಗಾಯಗೊಂಡು ಶಾವೊಲಿನ್ ಮಠ ಸೇರುತ್ತಾನೆ. ಸಾನ್ ಟೆ ಎಂಬ ಹೆಸರು ಪಡೆಯುತ್ತಾನೆ. ಸೇಡಿನ ಕಥೆ ಬೇಕಾದವರು ಇಲ್ಲಿ ನಿರಾಶರಾಗಬಹುದು. ಚಿತ್ರದ ನಡುಭಾಗವೆಲ್ಲ ಬರೀ ಕಲಿಕೆ, ಮತ್ತು ಆ ಕಲಿಕೆಯೇ ಚಿತ್ರದ ಜೀವ. ನಮ್ಮ ಗರಡಿಮನೆಯ ವಸ್ತಾದ್ ಹೊಸ ಹುಡುಗನಿಗೆ ಮೊದಲ ದಿನವೇ ಪಟ್ಟು ಹೇಳಿಕೊಡದೆ ಮಟ್ಟಿ ಹದಮಾಡಲು ಹಚ್ಚುವಂತೆ, ಇಲ್ಲಿಯೂ ವಿದ್ಯೆ ಅಡ್ಡದಾರಿಯಿಂದ ಒಳಬರುತ್ತದೆ. ಮಠದಲ್ಲಿ ಕಲಿಕೆ ನಡೆಯುವುದು ಹಂತಹಂತದ ಕೋಣೆಗಳಲ್ಲಿ; ಸಾನ್ ಟೆ ದುಡುಕಿ ಎಲ್ಲಕ್ಕಿಂತ ಮೇಲಿನ 35ನೇ ಕೋಣೆಯಿಂದಲೇ ಶುರುಮಾಡುತ್ತೇನೆನ್ನುತ್ತಾನೆ. ಅಲ್ಲಿ ಸೂತ್ರಗಳನ್ನು ಪಠಿಸುತ್ತ ಕುಳಿತ ಹಿರಿಯರ ಮುಂದೆ ನಿಲ್ಲಲಾರದೆ ಹೊರಬೀಳುತ್ತಾನೆ. ಆಮೇಲೆ ಕೆಳಗಿನಿಂದ ಹತ್ತುವ ಕೆಲಸ. ನೀರಿನಲ್ಲಿ ತೇಲುವ ಕಟ್ಟಿಗೆಯ ಮೇಲೆ ಹಗುರಾಗಿ ಹೆಜ್ಜೆಯಿಟ್ಟು ದಾಟಿದರಷ್ಟೇ ಊಟದ ಮನೆ. ತೋಳಿಗೆ ಚೂರಿ ಕಟ್ಟಿಕೊಂಡು ನೀರು ಹೊರಬೇಕು. ತೋಳು ಇಳಿಯಿತೋ ಅಲಗು ಪಕ್ಕೆಗೆ. ತಲೆಯ ಎರಡೂ ಬದಿ ಉರಿಯುವ ಊದುಕಡ್ಡಿಗಳ ನಡುವೆ ತಲೆ ಅಲುಗಿಸದೆ ಬರೀ ಕಣ್ಣಿನಿಂದ ಬೆಳಕನ್ನು ಹಿಂಬಾಲಿಸಬೇಕು. ಉದ್ದನೆಯ ಕೋಲಿನ ತುದಿಗೆ ಭಾರ ಕಟ್ಟಿ, ಈ ತುದಿ ಹಿಡಿದು ಗಂಟೆ ಬಾರಿಸಬೇಕು.

ಈ ದೃಶ್ಯಗಳಲ್ಲಿ ಲಿಯುವಿನ ಮುಖ ನೋಡಿ. ದೊಡ್ಡ ಅಭಿನಯವೇನೂ ಇಲ್ಲ. ಸೋತಾಗ ಒಂದಿಷ್ಟು ಬೇಸರ, ತುಸು ಯೋಚನೆ, ಮತ್ತೆ ಯತ್ನ. ಯೋಚಿಸುತ್ತಿರುವ ಮನುಷ್ಯನನ್ನು ಇಷ್ಟು ನಂಬುವಂತೆ ತೋರಿಸಿದ ಹೊಡೆದಾಟದ ನಟ ಇನ್ನೊಬ್ಬನಿಲ್ಲ. ಎರಡು ಕತ್ತಿ ಹಿಡಿದ ಹಿರಿಯ ಭಿಕ್ಷುವಿನೆದುರು ಮತ್ತೆ ಮತ್ತೆ ಸೋತ ಸಾನ್ ಟೆ ಮೂರು ತುಂಡಿನ ಕೋಲನ್ನು ಕಂಡುಹಿಡಿಯುತ್ತಾನಲ್ಲ, ಅಲ್ಲಿ ಗೆಲ್ಲುವುದು ತೋಳಲ್ಲ, ಬುದ್ಧಿ. ಹೊರಗಿನ ಸಾಮಾನ್ಯ ಜನರಿಗೂ ವಿದ್ಯೆ ಕಲಿಸುವ 36ನೇ ಕೋಣೆ ಬೇಕೆಂಬುದು ಅವನ ಹಟ. ಅಮೆರಿಕದ ರ‍್ಯಾಪ್ ತಂಡ ವು-ಟ್ಯಾಂಗ್ ಕ್ಲ್ಯಾನ್ 1993ರ ತನ್ನ ಮೊದಲ ಆಲ್ಬಮ್ಮಿನ ಹೆಸರಿನ ಒಂದು ಭಾಗವನ್ನು ಈ ಚಿತ್ರದ ಹೆಸರಿನಿಂದಲೇ ಪಡೆಯಿತು.

ಎರಡನೆಯದಾಗಿ ‘ಹೀರೋಸ್ ಆಫ್ ದಿ ಈಸ್ಟ್’, ಅದೂ 1978ರದೇ. ಇಲ್ಲಿ ಲಿಯು ತಲೆತುಂಬ ಕೂದಲಿರುವ ಸಿರಿವಂತ ಗಂಡ, ಹೆಂಡತಿ ಜಪಾನಿನವಳು. ಯಾರ ವಿದ್ಯೆ ಮೇಲೆಂಬ ಸಂಸಾರದ ಜಗಳ ಬೆಳೆದು ಜಪಾನಿನ ಗುರುಗಳೇ ಸವಾಲೆಸೆಯಲು ಬರುತ್ತಾರೆ. ಖಡ್ಗ, ಈಟಿ, ಕರಾಟೆ, ಜೂಡೊ, ನಿಂಜಾ ವಿದ್ಯೆ: ಒಂದೊಂದಕ್ಕೂ ಬೇರೆ ಬೇರೆ ಉತ್ತರ. ಆಯುಧ ಗುರುತಿಸುವ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲೂ ಸಿಗದು. ಜಪಾನೀಯರನ್ನು ಖಳರಾಗಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಈ ಚಿತ್ರದಲ್ಲಿ ಒಬ್ಬರೂ ಸಾಯುವುದಿಲ್ಲ. ಅದಕ್ಕಾಗಿ ನಾನು ನಿರ್ದೇಶಕರಿಗೆ ಕೈಮುಗಿಯುತ್ತೇನೆ.

1979ರ ‘ಡರ್ಟಿ ಹೋ’ಗೆ ಕಣ್ಣು ಸ್ವಲ್ಪ ಪಳಗಿರಬೇಕು. ವೇಷ ಮರೆಸಿಕೊಂಡ ರಾಜಕುಮಾರನ ಪಾತ್ರ. ಮದ್ಯದ ರುಚಿ ನೋಡುವ ನೆಪದಲ್ಲಿ ಅತಿಥಿ ಆತಿಥೇಯರಿಬ್ಬರೂ ಬಟ್ಟಲು ಚಾಚುತ್ತ, ನಗುತ್ತ, ಮರ್ಯಾದೆಯ ಮಾತಾಡುತ್ತಲೇ ಮರೆಯಲ್ಲೇ ಹೊಡೆದಾಡುವ ದೃಶ್ಯವಿದೆ. ಅದನ್ನು ಎರಡು ಸಲ ನೋಡಿ: ಮೊದಲ ಸಲ ಮುಖಗಳನ್ನು, ಎರಡನೆಯ ಸಲ ಕೈಕಾಲುಗಳನ್ನು.

1984ರ ‘ದಿ ಏಯ್ಟ್ ಡಯಾಗ್ರಾಮ್ ಪೋಲ್ ಫೈಟರ್’ ಅನ್ನು ಕೊನೆಗಿಟ್ಟುಕೊಳ್ಳಿ. ಚಿತ್ರೀಕರಣದ ನಡುವೆಯೇ, 1983ರ ಜುಲೈನಲ್ಲಿ, ಸಹನಟ ಅಲೆಕ್ಸಾಂಡರ್ ಫು ಶೆಂಗ್ ಕಾರು ಅಪಘಾತದಲ್ಲಿ ತೀರಿಕೊಂಡರು. ಕಥೆ ಬದಲಾಯಿತು, ಭಾರವೆಲ್ಲ ಲಿಯು ಮೇಲೆ ಬಿತ್ತು. ಯುದ್ಧದಲ್ಲಿ ಸೋದರರನ್ನು ಕಳೆದುಕೊಂಡ ಯೋಧ ಭರ್ಜಿಯ ಮೊನೆ ಕತ್ತರಿಸಿ ಅದನ್ನೇ ದೊಣ್ಣೆಯಾಗಿಸಿಕೊಂಡು, ತಾನೇ ತಲೆ ಬೋಳಿಸಿಕೊಂಡು ಭಿಕ್ಷುವಾಗುತ್ತಾನೆ. ಆದರೆ ಕೋಪ ಬೋಳಾಗುವುದಿಲ್ಲ. ಮೊದಲಿನ ಚಿತ್ರಗಳಲ್ಲಿದ್ದ ಪ್ರಸನ್ನತೆ ಇಲ್ಲಿಲ್ಲ; ದೊಣ್ಣೆಯ ಪ್ರತಿ ಬೀಸಿನಲ್ಲೂ ದುಃಖವಿದೆ. ಸಾನ್ ಟೆಯ ನಿಲುವು ಕಣ್ಣಿನಲ್ಲಿ ಕೂತವರಿಗಷ್ಟೇ ಇಲ್ಲಿ ಅದೆಷ್ಟು ಕಲಕಿದೆ ಎಂದು ಗೊತ್ತಾಗುತ್ತದೆ.

ಭಾರತದ ಪ್ರೇಕ್ಷಕರು ಈತನನ್ನು 2009ರ ಹಿಂದಿ ಚಿತ್ರ ‘ಚಾಂದನಿ ಚೌಕ್ ಟು ಚೈನಾ’ದಲ್ಲಿ ಅಕ್ಷಯ್ ಕುಮಾರ್ ಮತ್ತು ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆಯ ಎದುರು ಖಳ ಹೋಜೋ ಆಗಿ ಕಂಡಿದ್ದಾರೆ. ಅದರಿಂದ ಈ ನಟನನ್ನು ಅಳೆಯಬೇಡಿ. ಅಮೆರಿಕದ ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ಮಾತ್ರ ತಿಳಿದು ಬಳಸಿಕೊಂಡವರು. 2003 ಮತ್ತು 2004ರಲ್ಲಿ ಬಂದ ‘ಕಿಲ್ ಬಿಲ್’ನ ಎರಡು ಭಾಗಗಳಲ್ಲಿ ಲಿಯುಗೆ ಎರಡು ಬೇರೆ ಪಾತ್ರಗಳು; ಎರಡನೆಯದು ಬಿಳಿ ಗಡ್ಡದ ನಿರ್ದಯಿ ಗುರು ಪೈ ಮೇ. ಅದನ್ನು ನೋಡುವ ಮೊದಲು 1977ರ ‘ಎಕ್ಸಿಕ್ಯೂಷನರ್ಸ್ ಫ್ರಮ್ ಶಾವೊಲಿನ್’ ನೋಡಿಕೊಂಡರೆ ಒಳ್ಳೆಯದು. ಅಲ್ಲಿ ಪೈ ಮೇ ಆಗಿರುವವರು ಲೋ ಲೀಯೆ. ಪೈ ಮೇಯ ಕಡೆಯವರನ್ನು ತಡೆದು ನಿಂತು ಆರಂಭದಲ್ಲೇ ಸಾಯುವ ಶಾವೊಲಿನ್ ಶಿಷ್ಯ ಗಾರ್ಡನ್ ಲಿಯು.