ಮಿನಿ ಡಿವಿ ಕ್ಯಾಸೆಟ್ಟಿಗೆ ಹಳದಿ ವೈರು ಬೇಡ

1990ರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಎಷ್ಟೋ ಮನೆಗಳ ಮದುವೆ, ನಾಮಕರಣ, ಗೃಹಪ್ರವೇಶಗಳೆಲ್ಲ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಸೇರಿಕೊಂಡವು. ಈಗ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೊರಟವರ ಕೈಗೆ ಮೊದಲು ಸಿಗುವುದು ಹಳದಿ, ಕೆಂಪು, ಬಿಳಿ ವೈರುಗಳನ್ನು ಸಿಕ್ಕಿಸಿ ಯುಎಸ್‌ಬಿ ಕಿಂಡಿಗೆ ಚುಚ್ಚುವ ಸಣ್ಣದೊಂದು ಸಾಧನ. ಅಗ್ಗವಾಗಿ ಸಿಗುತ್ತದೆ, ಚಿತ್ರವೂ ಬರುತ್ತದೆ. ಆದರೂ ಮಿನಿ ಡಿವಿಯ ಮಟ್ಟಿಗೆ ಅದು ತಪ್ಪು ದಾರಿ. ಈ ಕ್ಯಾಸೆಟ್ಟುಗಳನ್ನು ಫೈರ್‌ವೈರ್ ಕೇಬಲ್ಲಿನಿಂದಲೇ ಇಳಿಸಬೇಕು.

1995ರಲ್ಲಿ ಬಂದ ಡಿವಿ ಪದ್ಧತಿಯಲ್ಲಿ ಟೇಪಿನ ಮೇಲಿರುವುದು ಬರೀ ಅಂಕಿಗಳು. ಕಾಲಂಗುಲ ಅಗಲದ ಟೇಪಿನಲ್ಲಿ, ನಮ್ಮ ಪಾಲ್ ಪದ್ಧತಿಯ ಒಂದೊಂದು ಫ್ರೇಮೂ 12 ಓರೆಗೆರೆಗಳಾಗಿ ಕೂತಿರುತ್ತದೆ. ಸೆಕೆಂಡಿಗೆ ಇಂಥ 25 ಫ್ರೇಮು. ಕ್ಯಾಮೆರಾದ ರಬ್ಬರ್ ಮುಚ್ಚಳದಡಿ ಡಿವಿ ಎಂದು ಬರೆದ ಪುಟ್ಟ ಕಿಂಡಿಯೊಂದಿದೆ. ಸೋನಿ ಕ್ಯಾಮೆರಾದಲ್ಲಿ ಐ.ಲಿಂಕ್ ಎಂದಿರುವುದೂ ಇದೇ. ಅಲ್ಲಿಂದ ಫೈರ್‌ವೈರ್ ಎಳೆದರೆ ಆ ಅಂಕಿಗಳು ಇದ್ದ ಹಾಗೆಯೇ ಡಿಸ್ಕಿಗೆ ಇಳಿಯುತ್ತವೆ. ಹಳದಿ ವೈರಿನ ಕಥೆ ಬೇರೆ. ಕ್ಯಾಮೆರಾ ಅಂಕಿಗಳನ್ನು ಅನಲಾಗ್ ಸಂಕೇತವಾಗಿ ಬದಲಿಸಿ, ಬಣ್ಣವನ್ನೂ ಬೆಳಕನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುತ್ತದೆ. ಅತ್ತ ಆ ಸಾಧನ ಅದನ್ನು ಮತ್ತೆ ಬೇರ್ಪಡಿಸಿ, ಮತ್ತೆ ಅಂಕಿ ಮಾಡಿ, ಸಾಮಾನ್ಯವಾಗಿ ಇನ್ನಷ್ಟು ಹಿಂಡಿ ಕೊಡುತ್ತದೆ. ಧಾರೆ ಸೀರೆಯ ಜರಿಯಂಚನ್ನು ಗಮನಿಸಿ: ನವಿರಾದ ಗೆರೆಗಳ ಮೇಲೆ ಸೀರೆಯಲ್ಲಿಲ್ಲದ ಬಣ್ಣ ಮಿನುಗುತ್ತದೆ, ಕೆಂಪಿನ ಅಂಚಿನಲ್ಲಿ ಚುಕ್ಕಿಗಳು ಹರಿದಾಡುತ್ತವೆ. ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಕ್ಯಾಮೆರಾದ ಗಡಿಯಾರ ಸರಿಯಿದ್ದರೆ, ಚಿತ್ರೀಕರಿಸಿದ ದಿನಾಂಕ ಮತ್ತು ಹೊತ್ತನ್ನು ಡಿವಿ ಟೇಪು ಫ್ರೇಮು ಫ್ರೇಮಿಗೂ ಚಿತ್ರದಿಂದ ಬೇರೆಯಾಗಿ ಬರೆದಿಟ್ಟಿರುತ್ತದೆ. ಫೈರ್‌ವೈರಿನಲ್ಲಿ ಅದೂ ಜತೆಗೇ ಬರುತ್ತದೆ. ಅದನ್ನು ಓದಿಕೊಂಡೇ ತಂತ್ರಾಂಶ ದೃಶ್ಯಗಳನ್ನು ತಾನಾಗಿ ಬಿಡಿಸಿಕೊಡಬಲ್ಲದು. ಹಳದಿ ವೈರಿಗೆ ಆ ಮಾಹಿತಿಯ ಗಂಧವೇ ಇಲ್ಲ. ಅಜ್ಜಿಯ ಮಾತು ಯಾವ ವರ್ಷದ್ದೆಂದು ಮೊಮ್ಮಕ್ಕಳು ಕೇಳಿದರೆ ಉತ್ತರ ಹೇಳಬೇಕಾದ ಮಾಹಿತಿ ಅದು.

ಮೊಬೈಲಿನಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವಲ್ಲ ಎನ್ನುವವರಿದ್ದಾರೆ. ಅಂಗೈಯಗಲದ ಪರದೆಯಲ್ಲಿ ಆ ಮಾತು ಬಹುಮಟ್ಟಿಗೆ ನಿಜ. ಆದರೆ ಮೂಲ ಪ್ರತಿಯಿಂದ ಮೊಬೈಲಿಗೊಂದು ಚಿಕ್ಕ ಪ್ರತಿ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಚಿಕ್ಕದರಿಂದ ಮೂಲ ಬರುವುದಿಲ್ಲ. ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕೆಂಬ ತಕರಾರು 2000ದ ಹೊತ್ತಿಗೆ ದೊಡ್ಡದೇ ಆಗಿತ್ತು. ಇಂದು ಒಂದು ಟಿಬಿಯ ಡಿಸ್ಕಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಗಂಟೆಯ ಚಿತ್ರ ಹಿಡಿಸುತ್ತದೆ. ಸ್ಟುಡಿಯೋದವರು ಆಗಲೇ ಡಿವಿಡಿ ಮಾಡಿಕೊಟ್ಟಿದ್ದಾರೆ, ಇನ್ನೇನು ಎಂಬ ಮಾತೂ ಉಂಟು. ಎರಡು ಗಂಟೆಯ ಮದುವೆ ಡಿವಿಯಲ್ಲಿ 26 ಜಿಬಿಯಷ್ಟಾಗುತ್ತದೆ. ಡಿವಿಡಿಗೆ ಹಿಡಿಸುವುದೇ 4.7 ಜಿಬಿ. ವಿಸಿಡಿಯಂತೂ 352×288 ಚುಕ್ಕಿಗಳದ್ದು, ಮೂಲದ 720×576ರ ಕಾಲು ಭಾಗವೂ ಪೂರಾ ಇಲ್ಲ.

ನಿಜವಾಗಿ ಬಲವಿರುವ ಆಕ್ಷೇಪ ಒಂದೇ: ಫೈರ್‌ವೈರ್ ಕಿಂಡಿ ಈಗ ಎಲ್ಲಿದೆ? ಹೊಸ ಲ್ಯಾಪ್‌ಟಾಪುಗಳಲ್ಲಿ ಅದು ಸಿಗುವುದಿಲ್ಲ. 2025ರಲ್ಲಿ ಬಂದ ಮ್ಯಾಕ್‌ಒಎಸ್ ಟಾಹೋ ಅದರ ಬೆಂಬಲವನ್ನೇ ಕೈಬಿಟ್ಟಿದೆ. ಕ್ಯಾಮೆರಾದ ಯುಎಸ್‌ಬಿಯನ್ನು ನಂಬುವಂತಿಲ್ಲ. ಬಹುತೇಕ ಮಾದರಿಗಳಲ್ಲಿ ಅದಿರುವುದು ಕಾರ್ಡಿನ ಫೋಟೋಗಳಿಗೆ. ಆದರೆ ಡೆಸ್ಕ್‌ಟಾಪಿಗೆ ಹಾಕುವ ಫೈರ್‌ವೈರ್ ಕಾರ್ಡು ಈಗಲೂ ಸಿಗುತ್ತದೆ, ಕಿಂಡಿಯಿರುವ ಹಳೇ ಲ್ಯಾಪ್‌ಟಾಪುಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿವೆ. ವಿಂಡೋಸಿಗೆ ವಿನ್‌ಡಿವಿ, ಲಿನಕ್ಸಿಗೆ ಡಿವಿಗ್ರ್ಯಾಬ್ ಪುಕ್ಕಟೆ. ತೊಂದರೆ ಇದೆ ಎನ್ನುವುದೇ ಇದನ್ನು ಮುಂದೂಡದಿರಲು ಕಾರಣ, ಏಕೆಂದರೆ ಕ್ಯಾಮೆರಾಗಳ ಹೆಡ್ಡೂ ಸವೆಯುತ್ತಿದೆ. (ಹೈ8, ವಿಎಚ್‌ಎಸ್ ಟೇಪುಗಳಲ್ಲಿರುವುದು ಅನಲಾಗ್ ಚಿತ್ರ, ಅವಕ್ಕೆ ಈ ವಾದ ಹೊಂದದು.)

ಮಲೆನಾಡು, ಕರಾವಳಿಯವರು ಒಂದು ಎಚ್ಚರ ವಹಿಸಬೇಕು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಮೇಲೆ ಬಿಳಿ ಬೂಷ್ಟು ಕಂಡರೆ ಕ್ಯಾಮೆರಾಕ್ಕೆ ಹಾಕಬೇಡಿ, ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅದು ಅಂಟುತ್ತದೆ. ಚೆನ್ನಾಗಿರುವ ಕ್ಯಾಸೆಟ್ಟಾದರೆ ಬೆನ್ನಿನಲ್ಲಿರುವ ಪುಟ್ಟ ಗುಂಡಿಯನ್ನು ಮೊದಲು ಸೇವ್ ಕಡೆಗೆ ಸರಿಸಿ, ತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಕೇಬಲ್ ಸಿಕ್ಕಿಸುವಾಗ ಕ್ಯಾಮೆರಾ, ಕಂಪ್ಯೂಟರ್ ಎರಡೂ ಆಫ್ ಆಗಿರಲಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಹಿಡಿಯುತ್ತದೆ, ಅವಸರ ಬೇಡ. ಇಳಿದ ಫೈಲನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿಡಿ, ಕ್ಯಾಸೆಟ್ಟನ್ನು ಎಸೆಯಬೇಡಿ.