ಚಂದ್ರಗಿರಿಯ ತೀರದಲ್ಲಿ ಶರೀಅತ್ತು ಮತ್ತು ಸರಕಾರ

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಓದಿ ಮುಗಿಸಿದ ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು: “ಮಾಷ್ಟ್ರೇ, ಆ ಊರಿಗೆ ಕೋರ್ಟು ಇರಲಿಲ್ಲವೇ?” ಬಾಲಿಶವೆಂದು ತೋರುವ ಈ ಪ್ರಶ್ನೆ ಕೃತಿಯ ಮರ್ಮವನ್ನೇ ಮುಟ್ಟುತ್ತದೆ.

1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆ ನಮ್ಮ ನೆಲದ್ದೇ, ಲೇಖಕಿಯವರ ಹುಟ್ಟೂರು ಕಾಸರಗೋಡು. ತಂದೆ ಮಹಮ್ಮದ್ ಖಾನನ ಹಟದಿಂದ ನಾದಿರಾಳ ಸಂಸಾರ ಒಡೆದು, ಪತಿ ರಶೀದನಿಂದ ತಲಾಖ್ ಆಗುತ್ತದೆ. ಮತ್ತೆ ಅವನನ್ನು ಕೂಡಬೇಕಾದರೆ ಅವಳು ಇನ್ನೊಬ್ಬನನ್ನು ವರಿಸಿ, ಒಂದು ರಾತ್ರಿ ಕಳೆದು, ಅವನಿಂದಲೂ ಬಿಡುಗಡೆ ಹೊಂದಬೇಕು. ಅವಳು ಮಸೀದಿಯ ಕೊಳಕ್ಕೆ ಹಾರುತ್ತಾಳೆ.

ಕೋರ್ಟು ಇತ್ತು, ಕಾನೂನೂ ಇತ್ತು. ಮುಸಲ್ಮಾನರ ವಿವಾಹ, ಮಹರ್, ತಲಾಖ್ ಮುಂತಾದವುಗಳಿಗೆ ಶರೀಅತ್ತೇ ಆಧಾರವೆಂದು 1937ರ ಕಾಯಿದೆ ಸಾರಿತ್ತು. ಆದರೆ ಆ ಶರೀಅತ್ತು ಯಾವ ಪಂಥದ್ದು, ಯಾರ ವ್ಯಾಖ್ಯಾನದ್ದು ಎಂಬುದನ್ನು ಅದು ಬರೆದಿಡಲಿಲ್ಲ. 1939ರ ಕಾಯಿದೆ ಪತ್ನಿಯು ಯಾವ ಕಾರಣಗಳಿಗಾಗಿ ವಿಚ್ಛೇದನ ಬೇಡಬಹುದೆಂದು ವಿವರಿಸಿತು. ನಾದಿರಾಳಿಗೆ ಬೇಕಾದುದಾದರೋ ವಿಚ್ಛೇದನವಲ್ಲ, ಗಂಡ! ತನ್ನ ಮೇಲೆ ಬೀಳುವ ತಲಾಖನ್ನು ತಡೆಯುವ ಹಕ್ಕನ್ನು ಆ ಎರಡು ಕಾಯಿದೆಗಳೂ ಅವಳಿಗೆ ಕೊಟ್ಟಿರಲಿಲ್ಲ.

ಇಲ್ಲಿ ಕಾದಂಬರಿಯ ಮೇಲೆ ಒಂದು ಆಕ್ಷೇಪಣೆ ಹೂಡಲು ಅವಕಾಶವುಂಟು. ಕಥೆಯೊಳಗಿನ ನಿಯಮವು ಬಂಡೆಗಲ್ಲಿನಂತೆ ಅಚಲವಾಗಿ ತೋರುತ್ತದೆ. ವಾಸ್ತವದಲ್ಲಿ ಅದು ಅಷ್ಟು ಅಚಲವಲ್ಲ. ಒಪ್ಪಂದದ ಇಂಥ ಮದುವೆಯನ್ನು ಹದೀಸೇ ನಿಂದಿಸಿದೆ. ಒಂದೇ ಬಾರಿಗೆ ಹೇಳಿದ ಮೂರು ತಲಾಖನ್ನು ಈಜಿಪ್ಟಿನ 1929ರ ಕಾಯಿದೆ ಒಂದೇ ಎಂದು ಎಣಿಸಿತು. ಪಾಕಿಸ್ತಾನದ 1961ರ ಕುಟುಂಬ ಕಾನೂನು ಸುಗ್ರೀವಾಜ್ಞೆಯಾದರೋ, ಮೂರನೆಯ ಬಾರಿಯ ವಿಚ್ಛೇದನವಲ್ಲದಿದ್ದರೆ, ನಡುವೆ ಬೇರೊಂದು ಮದುವೆಯಿಲ್ಲದೆ ಹಳೆಯ ಗಂಡನನ್ನೇ ವರಿಸಲು ಅನುಮತಿಯಿತ್ತಿತು. ನಾದಿರಾ ಕರಾಚಿಯಲ್ಲಿ ಹುಟ್ಟಿದ್ದರೆ ಕೊಳದ ದಾರಿ ಹಿಡಿಯಬೇಕಾಗುತ್ತಿರಲಿಲ್ಲವೇನೋ! ಮತಧರ್ಮವನ್ನೇ ರಾಷ್ಟ್ರದ ಬುನಾದಿಯೆಂದ ದೇಶವು ಮಾಡಿದ ತಿದ್ದುಪಾಟನ್ನು ಮತನಿರಪೇಕ್ಷವೆನಿಸಿದ ನಮ್ಮ ಗಣರಾಜ್ಯವು ಬಹುಕಾಲ ಮಾಡದೆ ಉಳಿದುದು ವಿಚಿತ್ರವೇ ಸರಿ.

ಇಷ್ಟಾದರೂ ಆ ಆಕ್ಷೇಪಣೆಯನ್ನು ನಾನು ಎತ್ತಲಾರೆ. ಪಂಥಗಳ ಭೇದವಾಗಲಿ ಕೈರೋದ ಕಾಯಿದೆಯಾಗಲಿ ಹೊಳೆದಂಡೆಯ ಆ ಹುಡುಗಿಯ ಕಿವಿಗೆ ಬೀಳುವಂತಿರಲಿಲ್ಲ. ಯಾರೂ ಪ್ರಶ್ನಿಸದ ನಿಯಮ ಬಂಡೆಯೇ. ಲೇಖಕಿಯವರು ಅವಳ ಅರಿವಿನ ಅಂಚನ್ನು ದಾಟಿ ಪ್ರವಚನಕ್ಕೆ ತೊಡಗದಿರುವುದು ಕೃತಿಯ ದೊಡ್ಡ ಗುಣ.

2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರಲ್ಲಿ ಮೂವರು ಒಂದೇ ಉಸಿರಿನ ಮೂರು ತಲಾಖನ್ನು ತಳ್ಳಿಹಾಕಿದರು. ಅಂಥ ತಲಾಖ್ ನುಡಿದ ಗಂಡನಿಗೆ 2019ರ ಕಾಯಿದೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಿತು. ತಲಾಖೇ ಅಸಿಂಧುವಾದರೆ ಒಂದು ರಾತ್ರಿಯ ಮದುವೆಯ ಅಗತ್ಯವೂ ಬೀಳದು. ಇದು ಸಾಮಾನ್ಯ ಲಾಭವಲ್ಲ. 2023ರ ಜನವರಿಯಲ್ಲಿ ತೀರಿಕೊಂಡ ಲೇಖಕಿಯವರು ಇವೆರಡನ್ನೂ ಕಂಡಿದ್ದರು. ಆದರೆ ಈ ಹೊಸ ಕಾಯಿದೆಯನ್ನು ಕೈಯಲ್ಲಿ ಹಿಡಿದು ಕಾದಂಬರಿಯನ್ನು ಮತ್ತೊಮ್ಮೆ ಓದಿದರೆ ಮನಸ್ಸು ತೊಡಕಿಗೆ ಬೀಳುತ್ತದೆ. ಹಟ ಮಾವನದು, ಬಾಯಿ ಮಾತ್ರ ಅಳಿಯನದು. ಹೆಂಡತಿಯನ್ನು ಮರಳಿ ಬಯಸಿದ ರಶೀದನೇ ಸೆರೆಮನೆಗೆ ಹೋಗಬೇಕಾದವನು.

ಇದನ್ನೆಲ್ಲ ಬಿಡಿಸಿ ಹೇಳಿದಾಗ ಆ ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಪ್ಪನಿಗೆ?” ಎಂದು ಕೇಳಿದನು.