ಔಷಧದಾನ ಮತ್ತು ಅಪ್ರಮಾದ

ರಾಜಾಜಿನಗರ, ವಿಜಯನಗರಗಳ ಯಾವುದೇ ಔಷಧಿ ಅಂಗಡಿಯವರು ಚೀಟಿಯಲ್ಲಿಲ್ಲದ ಮಾತ್ರೆ ಕೊಟ್ಟು ರೋಗಿಗೆ ಹಾನಿಯಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗದಲ್ಲಿ ಪರಿಹಾರ ಕೇಳಬಹುದು. ರಸೀದಿ, ವೈದ್ಯರ ಚೀಟಿ, ಉಳಿದ ಮಾತ್ರೆಗಳೇ ಸಾಕ್ಷ್ಯ. ಆದರೆ ಎಲ್ಲರಿಗೂ ಉಚಿತವಾಗಿ ನೀಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಾರದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಧರ್ಮಾರ್ಥ ಔಷಧಾಲಯದಲ್ಲಿ ಹಾನಿಗೊಳಗಾದ ಬಡವನಿಗೆ ಸಿವಿಲ್ ದಾವೆ, ಪೊಲೀಸ್ ದೂರುಗಳ ದುರ್ಗಮ ದಾರಿಯೇ ಉಳಿಯುತ್ತದೆ.

ಕಾನೂನಿನ ಈ ಕೊರತೆಯನ್ನು ಟ್ರಸ್ಟುಗಳು ತಮ್ಮ ರಕ್ಷೆಯೆಂದು ಭಾವಿಸುವುದು ಸಲ್ಲದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಪ್ರಮಾದದಲ್ಲಿಯೇ ಗುರುತಿಸುತ್ತದೆ. ‘ಕೇಡೆಣಿಸಿರಲಿಲ್ಲ’ ಎಂಬ ಸಮಾಧಾನಕ್ಕೆ ಅಲ್ಲಿ ಎಡೆಯಿಲ್ಲ. ಚತುರ್ವಿಧ ದಾನಗಳಲ್ಲೊಂದಾದ ಔಷಧದಾನ ಮಾಡುವವರು ನೋಂದಾಯಿತ ಫಾರ್ಮಸಿಸ್ಟರನ್ನು ನೇಮಿಸಲಿ, ಕೊಟ್ಟ ಮಾತ್ರೆಯ ಹೆಸರನ್ನು ಬರೆದುಕೊಡಲಿ. ತಪ್ಪಾದಾಗ ಮರೆಮಾಚದೆ ಪರಿಹಾರ ನೀಡಲಿ. ಬೆಲೆಯಿಲ್ಲದ ಔಷಧಕ್ಕೂ ಹೊಣೆಯುಂಟು.